ನಾಟಕ ಮುಗಿದ ಮೇಲೆ ರಾತ್ರಿ ಕ್ಯಾಬರೆ: ಅವ್ವನ್ನ ಕರ್ಕೊಂಡು ಹೋಗಬಹುದಾ?

ಸುಂಟಿಕೊಪ್ಪದವಳು

ಎಲ್ರಿಗೂ ನಮಸ್ಕಾರ. ಮೇ ತಿಂಗಳಲ್ಲಿ ನಾನೂ ಅವ್ವನೂ ತಂಗಿ ಮನೆಗೆ ಜೆರ್ಸಿ ಸಿಟಿಗೆ ಹೋಗ್ತಾ ಇದ್ದೀವಿ, ನದಿ ದಾಟಿದ್ರೆ ನ್ಯೂಯಾರ್ಕು. ಅವ್ವಂಗೆ 71, ಮಂಡಿ ನೋವು ಸ್ವಲ್ಪ ಇದೆ, ಬೇರೆಲ್ಲ ಗಟ್ಟಿ. ನಾಟಕ ಅಂದ್ರೆ ಅವ್ರಿಗೆ ಪ್ರಾಣ. ಮೈಸೂರು ರಂಗಾಯಣದಲ್ಲಿ ಬಹುರೂಪಿ ಶುರು ಆಯ್ತು ಅಂದ್ರೆ ಕಾಫಿ ಕೊಯ್ಲು ನಡೀತಾ ಇದ್ರೂ ಒಂದು ದಿನ ಎಲ್ಲ ಬಿಟ್ಟು ಹೋಗ್ಲೇಬೇಕು, ನಾಟಕ ಮುಗಿಸಿ ಹುಣಸೂರು, ಕುಶಾಲನಗರ ದಾಟಿ ಆನೆಕಾಡಲ್ಲಿ ಎಲ್ಲಿ ಆನೆ ಅಡ್ಡ ನಿಂತಿರುತ್ತೋ ಅಂತ ಹೆದರ್ಕೊಂಡು ಮನೆ ಸೇರೋವಾಗ ಒಂದೂವರೆ ಆಗಿರುತ್ತೆ. ಅಷ್ಟು ದಾರಿನೂ ಅವ್ವ ಬಾಯಿ ಮುಚ್ಚಲ್ಲ. ಆ ಪಾತ್ರ ಹಾಗ್ಯಾಕೆ ಮಾಡಿದ, ಈ ಹಾಡು ಇನ್ನೊಂದು ಚರಣ ಇರಬೇಕಿತ್ತು, ಹೀಗೇ. ನನಗೆ ನಾಟಕಕ್ಕಿಂತ ಆ ದಾರಿನೇ ಇಷ್ಟ ಅಂತ ಒಂದೊಂದ್ಸಲ ಅನ್ಸುತ್ತೆ.

ಈಗ ವಿಷಯ ಏನಂದ್ರೆ, ತಂಗಿ ಒಂದು ಶನಿವಾರ ರಾತ್ರಿ 8 ಗಂಟೆಗೆ ಬ್ರಾಡ್‌ವೇ ಮ್ಯೂಸಿಕಲ್‌ಗೆ ಟಿಕೆಟ್ ತೆಗ್ದಿದ್ದಾಳೆ. ಹತ್ತೂವರೆಗೆ ಮುಗಿಯುತ್ತಂತೆ, ಆಮೇಲೆ ಅಲ್ಲೇ ಹತ್ರ ಕ್ಯಾಬರೆ ಕ್ಲಬ್ಬಿಗೆ ಹೋಗೋಣ, ಅವ್ವಂಗೆ ಹಾಡು ಇಷ್ಟ ಆಗುತ್ತೆ ಅಂತಾಳೆ. ಆ ಪದ ಕೇಳಿದ್ದೇ ತಡ ಮನೇಲಿ ಎಲ್ರೂ ಗಪ್‌ಚಿಪ್. ಚಿಕ್ಕಪ್ಪ ಅಂತೂ ಫೋನ್ ಮಾಡಿ, ಅಂಥ ಜಾಗಕ್ಕಾ ಅತ್ತಿಗೇನ ಕರ್ಕೊಂಡು ಹೋಗೋದು ಅಂತ ಬೇಜಾರು ಮಾಡ್ಕೊಂಡ್ರು. ನನ್ನ ತಲೇಲೂ ಇರೋದು ಹಳೇ ಸಿನಿಮಾದ ಚಿತ್ರಾನೇ, ಕಳ್ಳಸಾಗಣೆಯವನ ಅಡ್ಡ, ಕೆಂಪು ಲೈಟು, ಗರಿ ಕಟ್ಕೊಂಡು ಕುಣಿಯೋ ಹೆಂಗಸು. ಅವ್ವ ಮಾತ್ರ ಸುಮ್ನೆ "ಅಲ್ಲಿ ಎಂತ ಮಾಡ್ತಾರೆ, ಸರಿಯಾಗಿ ಕೇಳಿ ಹೇಳು" ಅಂದ್ರು.

ಅದಕ್ಕೇ ಕೇಳ್ತಾ ಇರೋದು. ನಿಜವಾಗಿ ಅಲ್ಲಿ ಏನು ನಡೆಯುತ್ತೆ? ಖರ್ಚು ಎಷ್ಟಾಗಬಹುದು, ಕುಡೀದವ್ರು ಕೂತ್ಕೋಬಹುದಾ, ಮಧ್ಯರಾತ್ರಿ ವಾಪಸ್ ಬರೋದು ಹೇಗೆ? ಹೋಗಿ ಬಂದವರು ದಯವಿಟ್ಟು ಹೇಳಿ.

ವಿರಾಜಪೇಟೆ_ಟು_ಕ್ವೀನ್ಸ್

ಅಕ್ಕಾ ಧೈರ್ಯವಾಗಿ ಕರ್ಕೊಂಡು ಹೋಗಿ. ನಾನು 9 ವರ್ಷ ಅಲ್ಲಿದ್ದು ಈಗ ವಾಪಸ್ ತೋಟಕ್ಕೆ ಬಂದವನು, ಅಲ್ಲಿನ ಯಾವುದನ್ನ ಮಿಸ್ ಮಾಡ್ಕೋತೀಯ ಅಂತ ಕೇಳಿದ್ರೆ ಇದನ್ನೇ ಹೇಳ್ತೀನಿ. ನ್ಯೂಯಾರ್ಕಲ್ಲಿ ಕ್ಯಾಬರೆ ಅಂದ್ರೆ ಹೆಚ್ಚಾಗಿ ಒಂದು ಸಣ್ಣ ರೂಮು, ಒಂದು ಪಿಯಾನೋ, ಹಾಡೋರು ಒಬ್ರು, ಹಾಡಿನ ಮಧ್ಯೆ ಅವ್ರ ಮಾತು. ಅಷ್ಟೇ. ಹಾಡುಗಾರರು ನಿಮ್ಮಿಂದ ನಾಲ್ಕು ಅಡಿ ದೂರ ಇರ್ತಾರೆ, ಉಸಿರು ಎಳ್ಕೊಳ್ಳೋದೂ ಕೇಳ್ಸುತ್ತೆ. ದೊಡ್ಡ ಸ್ಟೇಜಲ್ಲಿ ಸಾವಿರ ಜನಕ್ಕೆ ಹಾಡಿದವ್ರೇ ಇಲ್ಲಿ ಎಂಬತ್ತು ಜನಕ್ಕೆ, ಮೇಕಪ್ ಇಲ್ದೆ, ತಮಗೆ ಬೇಕಾದ ಹಾಡು ಹಾಡ್ತಾರೆ. ಒಂದು ವಿಷಯ ಮಾತ್ರ ನೋಡ್ಕೊಳ್ಳಿ, ಜಾಹೀರಾತಲ್ಲಿ ಬರ್ಲೆಸ್ಕ್ ಅಂತ ಇದ್ರೆ ಅದು ಬೇರೆ, ಅಲ್ಲಿ ಬಟ್ಟೆ ಕಳಚೋ ನೃತ್ಯ ಇರುತ್ತೆ. ಅದಕ್ಕೂ ಅದರದ್ದೇ ಪರಂಪರೆ ಇದೆ, ಆದ್ರೆ ನಿಮ್ಮ ತಂಗಿ ಹೇಳ್ತಿರೋದು ಅದಲ್ಲ ಅನ್ಸುತ್ತೆ.

ಜಾಗಗಳು: 54ನೇ ಬೀದೀಲಿ 54 ಬಿಲೋ ಅಂತ ಇದೆ, 2012ರಲ್ಲಿ ಶುರು ಆಗಿದ್ದು, ಹಳೇ ಸ್ಟುಡಿಯೋ 54 ಕಟ್ಟಡದ ನೆಲಮಾಳಿಗೇಲಿ. ಬ್ರಾಡ್‌ವೇ ನಟರು ಹಾಡೋಕೆ ಬರೋ ಜಾಗ ಅದು, ಮೊದಲೇ ಸೀಟ್ ಬುಕ್ ಮಾಡ್ಬೇಕು. ಆದ್ರೆ ಹತ್ತೂವರೆಗೆ ನಾಟಕ ಬಿಟ್ಟು ಹೋಗೋರಿಗೆ ನನ್ನ ಪ್ರಕಾರ 46ನೇ ಬೀದಿಯ ಡೋಂಟ್ ಟೆಲ್ ಮಾಮಾ ಚೆನ್ನಾಗಿರುತ್ತೆ, 1982ರಿಂದ ನಡೀತಿದೆ, ಥಿಯೇಟರ್‌ಗಳಿಂದ ನಡ್ಕೊಂಡೇ ಹೋಗಬಹುದು. ಹೆಸರಿನ ಅರ್ಥ ಅಮ್ಮಂಗೆ ಹೇಳ್ಬೇಡ ಅಂತ, ನೀವು ಅಮ್ಮನ್ನೇ ಕರ್ಕೊಂಡು ಹೋಗ್ತೀರ, ನಂಗೆ ತುಂಬಾ ಖುಷಿ ಆಯ್ತು. ಅಲ್ಲಿ ಪಿಯಾನೋ ಬಾರಲ್ಲಿ ಡ್ರಿಂಕ್ಸ್ ತಂದುಕೊಡೋರೇ ಹಾಡ್ತಾರೆ. ಗ್ರೀನಿಚ್ ವಿಲೇಜಲ್ಲಿ ಮೇರೀಸ್ ಕ್ರೈಸಿಸ್ ಅಂತ ಇನ್ನೊಂದಿದೆ, ಅಲ್ಲಿ ಪ್ರೋಗ್ರಾಮೇ ಇಲ್ಲ, ಪಿಯಾನೋ ಸುತ್ತ ನಿಂತವರೆಲ್ಲ ನಾಟಕದ ಹಾಡು ಒಟ್ಟಿಗೆ ಹಾಡೋದು. ಅಮೆರಿಕದ ಸ್ವಾತಂತ್ರ್ಯ ಹೋರಾಟದ ಕಾಲದ ಲೇಖಕ ಥಾಮಸ್ ಪೇನ್ 1809ರಲ್ಲಿ ತೀರಿಕೊಂಡ ಮನೆ ಇದ್ದ ಜಾಗ ಅದು, ಹೆಸರಲ್ಲಿ ಕ್ರೈಸಿಸ್ ಬಂದಿದ್ದು ಅವ್ನ ಬರಹದಿಂದ. ಆದ್ರೆ ಮೆಟ್ಟಿಲು ಇಳೀಬೇಕು, ನಿಂತೇ ಇರ್ಬೇಕು, ಅವ್ವನ ಮಂಡಿಗೆ ಬೇಡ.

ಖರ್ಚಿನ ಬಗ್ಗೆ ಸರಿಯಾಗಿ ಕೇಳ್ಕೊಳ್ಳಿ, ನಾನು ಮೊದಲ ಸಲ ಒಂದು ಕಡೆ ಹೋಗಿ ಬಿಲ್ ನೋಡಿ ಕೈಕಾಲು ತಣ್ಣಗಾಗಿತ್ತು. ಶೋಗೆ ಕವರ್ ಚಾರ್ಜ್ ಅಂದ್ರೆ ಒಳಗೆ ಹೋಗೋ ದುಡ್ಡು ಒಂದು, ಅದರ ಮೇಲೆ ಮಿನಿಮಮ್ ಅಂತ ಒಂದು, ಅಂದ್ರೆ ತಲೆಗೆ ಇಷ್ಟು ರೇಟಿಂದು ತಿನ್ಬೇಕು ಅಥವಾ ಕುಡೀಬೇಕು, ಕೆಲವು ಕಡೆ ತಲೆಗೆ ಎರಡು ಡ್ರಿಂಕು ಅಂತ ಇರುತ್ತೆ. ಆಮೇಲೆ ಟ್ಯಾಕ್ಸು, ಆಮೇಲೆ ನೂರಕ್ಕೆ 18ರಿಂದ 20 ಟಿಪ್ಸು. ಕುಡೀದವ್ರು ಜಿಂಜರ್ ಏಲ್, ಜ್ಯೂಸ್ ತಗೋಬಹುದು, ಯಾರೂ ಏನೂ ಅನ್ನಲ್ಲ. ಬಾಗಿಲಲ್ಲಿ ವಯಸ್ಸು ಕೇಳಬಹುದು, ಪಾಸ್‌ಪೋರ್ಟ್ ಇಟ್ಕೊಂಡಿರಿ. ವಾಪಸ್ ಬರೋಕೆ 33ನೇ ಬೀದಿಯಿಂದ ನದಿ ದಾಟಿ ಜೆರ್ಸಿ ಕಡೆ ಹೋಗೋ ಪಾತ್ ರೈಲು ಇಡೀ ರಾತ್ರಿ ಇರುತ್ತೆ, ರಾತ್ರಿ ಹೊತ್ತು ಗ್ಯಾಪ್ ಜಾಸ್ತಿ ಅಷ್ಟೇ. ಅವ್ವ ಇರೋದ್ರಿಂದ ಒಂದು ದಿನ ಟ್ಯಾಕ್ಸಿಗೆ ದುಡ್ಡು ಹಾಕಿದ್ರೂ ತಪ್ಪಿಲ್ಲ.

ಕಾಫಿಹೂ

ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕ್ಯಾಬರೆ ಕೆಟ್ಟದ್ದು ಅಂತಲ್ಲ. ಒಳ್ಳೇ ನಾಟಕ ನೋಡಿದ ಮೇಲೆ ಮನಸ್ಸಿಗೆ ಸ್ವಲ್ಪ ಹೊತ್ತು ಬಿಡಬೇಕು. ಬೆಂಗಳೂರಲ್ಲಿ ರಂಗಶಂಕರದಲ್ಲಿ ನಾಟಕ ನೋಡಿ ಹೊರಗೆ ಬಂದಾಗ ಫ್ರೆಂಡ್ಸ್ ಹಾಡಿರೋ ಪಬ್ಬಿಗೆ ಎಳ್ಕೊಂಡು ಹೋದ್ರು, ಬೆಳಗ್ಗೆ ಎದ್ದಾಗ ಆ ನಾಟಕದ್ದು ಒಂದು ಮಾತೂ ನನ್ನ ಹತ್ರ ಉಳಿದಿರ್ಲಿಲ್ಲ. ಎಷ್ಟು ವರ್ಷ ಆಯ್ತು, ಇನ್ನೂ ಆ ನಷ್ಟ ನೆನಪಾಗುತ್ತೆ. ನೀವೇ ಬರೆದಿದ್ದೀರಲ್ಲ, ಆನೆಕಾಡು ದಾರೀಲಿ ಅವ್ವ ಮಾತಾಡೋದು. ಅದನ್ನ ಕಳ್ಕೋಬೇಡಿ. ಬುಧವಾರ, ಶನಿವಾರ ಮಧ್ಯಾಹ್ನವೂ ಶೋ ಇರುತ್ತಲ್ಲ, ಮಧ್ಯಾಹ್ನ ನಾಟಕ ನೋಡಿ, ಮನೆಗೆ ಹೋಗಿ ಮಲ್ಗಿ, ಇನ್ನೊಂದು ದಿನ ಕ್ಯಾಬರೆಗೆ ಹೋಗಿ.

ರಂಗದಹುಚ್ಚು_ಮಡಿಕೇರಿ

ಕಾಫಿಹೂ ಅವ್ರ ಮಾತು ನಂಗೆ ಅರ್ಥ ಆಗುತ್ತೆ, ಆದ್ರೆ ಪಬ್ಬೂ ಕ್ಯಾಬರೆಯೂ ಒಂದೇ ಅಲ್ಲ. ನಾವು ಇಲ್ಲಿ ಕಾವೇರಿ ಕಲಾಕ್ಷೇತ್ರದಲ್ಲಿ ನಾಟಕ ಮಾಡಿದ ರಾತ್ರಿ ಬಣ್ಣ ತೊಳ್ಕೊಂಡ ಮೇಲೆ ಯಾರಿಗೂ ಮನೆಗೆ ಹೋಗೋ ಮನಸ್ಸಿರಲ್ಲ, ಹಾರ್ಮೋನಿಯಂ ಇನ್ನೂ ಪೆಟ್ಟಿಗೆಗೆ ಸೇರಿರಲ್ಲ, ಒಬ್ರು ಹಾಡು ಎತ್ತಿದ್ರೆ ಸೆಟ್ ಬಿಚ್ಚೋ ಹುಡುಗರೂ ಸುತ್ತಿಗೆ ಕೆಳಗಿಟ್ಟು ಸೇರ್ಕೋತಾರೆ. ಆ ಅರ್ಧ ಗಂಟೇಲಿ ಹಾಡೋ ಹಾಗೆ ಅವ್ರು ಸ್ಟೇಜ್ ಮೇಲೆ ಯಾವತ್ತೂ ಹಾಡಿರಲ್ಲ. ಪ್ರೇಕ್ಷಕರಿಗೆ ಅದು ಸಿಗಲ್ಲ, ಅವ್ರು ಆಗ್ಲೇ ಬೈಕ್ ಸ್ಟಾರ್ಟ್ ಮಾಡಿರ್ತಾರೆ. ಅದನ್ನೇ ಬಾಗಿಲು ತೆಗೆದು ಪ್ರೇಕ್ಷಕರಿಗೂ ಕೊಟ್ರೆ ಅದು ಕ್ಯಾಬರೆ, ನನ್ನ ಲೆಕ್ಕದಲ್ಲಿ.

ಶುರು ಆಗಿದ್ದೂ ಹಾಗೇ. 1881ರಲ್ಲಿ ಪ್ಯಾರಿಸ್ಸಿನ ಮೊಂಮಾರ್ತ್ರ್‌ನಲ್ಲಿ ರೊಡಾಲ್ಫ್ ಸಾಲಿಸ್ ಅನ್ನೋನು ಶಾ ನ್ವಾರ್ ತೆಗೆದ, ಕಪ್ಪು ಬೆಕ್ಕು ಅಂತ ಅರ್ಥ. ಕವಿಗಳು, ಚಿತ್ರಕಾರರು, ಹಾಡುಗಾರರು ಸೇರೋ ಜಾಗ, ಸಂಗೀತ ಸಂಯೋಜಕ ಎರಿಕ್ ಸಾಟಿ ಅಲ್ಲಿ ಪಿಯಾನೋ ನುಡಿಸ್ತಿದ್ದ. ಅಲ್ಲಿ ಹೆಸರಾಗಿದ್ದು ಏನು ಗೊತ್ತಾ, ನೆರಳಾಟ. ಆಂರಿ ರಿವಿಯೇರ್ ಅನ್ನೋ ಕಲಾವಿದ ಸತುವಿನ ತಗಡಲ್ಲಿ ಆಕೃತಿ ಕತ್ತರಿಸಿ, ಹಿಂದಿಂದ ಬೆಳಕು ಬಿಟ್ಟು, ಪರದೆ ಮೇಲೆ ಕಥೆ ಆಡಿಸ್ತಿದ್ದ. ನಮ್ಮ ತೊಗಲುಗೊಂಬೆ ನೋಡಿದವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಾ? ಗರಿ, ಕ್ಯಾನ್‌ಕ್ಯಾನ್ ಕುಣಿತದ ಮುಲಾಂ ರೂಜ್ ಬಂದಿದ್ದು ಅದಾದ್ಮೇಲೆ, 1889ರಲ್ಲಿ. ನಮ್ಮ ಸಿನಿಮಾದವ್ರು ಆ ಎರಡನೇದನ್ನ ಮಾತ್ರ ತಗೊಂಡ್ರು, ಅದನ್ನೂ ಖಳನಾಯಕನ ಮನೇಲಿಟ್ರು. ಬರ್ಲಿನ್‌ನಲ್ಲಿ ಇದೇ ಕ್ಯಾಬರೆ ಸರ್ಕಾರನ ಟೀಕೆ ಮಾಡೋ ವೇದಿಕೆ ಆಗಿತ್ತು. ವರ್ನರ್ ಫಿಂಕ್ ಅನ್ನೋ ಕಲಾವಿದನ ಕ್ಲಬ್ಬನ್ನ ನಾಜಿಗಳು 1935ರಲ್ಲಿ ಮುಚ್ಚಿಸಿ ಅವನನ್ನ ಕಾನ್ಸಂಟ್ರೇಶನ್ ಕ್ಯಾಂಪಿಗೆ ಹಾಕಿದ್ರು.

ನ್ಯೂಯಾರ್ಕಲ್ಲೂ ಸುಲಭ ಇರ್ಲಿಲ್ಲ. ಲೈಸೆನ್ಸ್ ಇಲ್ದೆ ಕ್ಲಬ್ಬಲ್ಲಿ ಕುಣಿಯೋ ಹಾಗಿಲ್ಲ ಅನ್ನೋ 1926ರ ಕ್ಯಾಬರೆ ಕಾನೂನು ತೆಗೆದಿದ್ದು 2017ರಲ್ಲಿ. 1940ರಿಂದ 1967ರವರೆಗೆ ಕ್ಲಬ್ಬಲ್ಲಿ ಹಾಡೋರಿಗೆ ಕ್ಯಾಬರೆ ಕಾರ್ಡ್ ಅಂತ ಬೇಕಿತ್ತು, ಕೊಡೋದೂ ಕಿತ್ಕೊಳ್ಳೋದೂ ಪೊಲೀಸರೇ. 1947ರಲ್ಲಿ ಜೈಲಿಗೆ ಹೋಗಿ ಬಂದ ಜಾಝ್ ಗಾಯಕಿ ಬಿಲ್ಲಿ ಹಾಲಿಡೇಗೆ ಆ ಕಾರ್ಡ್ ಸಿಗ್ಲಿಲ್ಲ. 1948ರಲ್ಲಿ ಕಾರ್ನೆಗಿ ಹಾಲ್ ಅಂಥ ದೊಡ್ಡ ಸಭಾಂಗಣದಲ್ಲಿ ಹಾಡಬಹುದಿತ್ತು, ಆದ್ರೆ ಅವ್ರ ಹಾಡು ಬೆಳೆದಿದ್ದ ಸಣ್ಣ ಕ್ಲಬ್ಬುಗಳಲ್ಲಿ ಹಾಡೋ ಹಾಗಿಲ್ಲ. ಅದನ್ನ ಓದಿದ ದಿನ ನಂಗೆ ಊಟ ಸೇರ್ಲಿಲ್ಲ.

ಚಿಕ್ಕಪ್ಪಂಗೆ ಕಲ್ಕತ್ತಾದ ಮಿಸ್ ಶೆಫಾಲಿ ಬಗ್ಗೆ ಹೇಳಿ. ನಿಜವಾದ ಹೆಸರು ಆರತಿ ದಾಸ್. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬ, ಮನೆ ನಡೆಸೋಕೆ ಚಿಕ್ಕ ವಯಸ್ಸಲ್ಲೇ ಹೋಟೆಲ್‌ಗಳಲ್ಲಿ ಕ್ಯಾಬರೆ ಕುಣಿಯೋಕೆ ಹೋದವ್ರು. ಸತ್ಯಜಿತ್ ರಾಯ್ ಸಿನಿಮಾದಲ್ಲೂ ಬಂಗಾಳಿ ರಂಗಭೂಮಿಯಲ್ಲೂ ನಟಿಸಿದ್ರು, 2020ರಲ್ಲಿ ತೀರಿಕೊಂಡ್ರು. ಅಂಥ ಜಾಗ ಅನ್ನೋವಾಗ ಆ ಜಾಗದಲ್ಲಿ ದುಡಿದವ್ರ ಮುಖ ಒಂದ್ಸಲ ನೆನಪಾಗ್ಲಿ.

ಸುಂಟಿಕೊಪ್ಪದವಳು

ಇದನ್ನೆಲ್ಲ ಅವ್ವಂಗೆ ಓದಿ ಹೇಳ್ದೆ. ನೆರಳಾಟದ ವಿಷಯ ಎರಡು ಸಲ ಓದಿಸಿದ್ರು. ಆಮೇಲೆ ಅವ್ರು ಕೇಳಿದ್ದು: "ಅವ್ರು ಹಾಡೋವಾಗ ನಮ್ಮ ಕಡೆ ನೋಡ್ತಾರಾ?" ಇದಕ್ಕೆ ನಂಗೆ ಉತ್ತರ ಗೊತ್ತಾಗ್ಲಿಲ್ಲ.

ವಿರಾಜಪೇಟೆ_ಟು_ಕ್ವೀನ್ಸ್

ನೋಡ್ತಾರೆ ಅಂತ ಹೇಳಿ. ನಮ್ಮ ಮದುವೆ ಮನೇಲಿ ನಾಲ್ಕು ಜನ ದುಡಿ ಅನ್ನೋ ಸಣ್ಣ ವಾದ್ಯ ಹಿಡ್ಕೊಂಡು ಬಾಳೋ ಬಾಳೋ ಅಂತ ಶುರು ಮಾಡಿ, ಆ ಒಕ್ಕ ಅಂದ್ರೆ ಮನೆತನ, ಆ ಮನೆ, ಮುಂದೆ ಕೂತಿರೋರನ್ನೆಲ್ಲ ಹಾಡಿಗೆ ಸೇರಿಸ್ಕೊಂಡು ಹೋಗ್ತಾರಲ್ಲ, ಹಾಗೆ. ರೂಮಲ್ಲಿ ಯಾರಿದ್ದಾರೆ ಅನ್ನೋದ್ರ ಮೇಲೆ ಹಾಡು ಬದಲಾಗುತ್ತೆ.

ಸುಂಟಿಕೊಪ್ಪದವಳು

ಊರಿಗೆ ಬಂದು ಒಂದು ವಾರ ಆಯ್ತು. ಮಳೆ ಹಿಡಿದಿದೆ, ಕರೆಂಟ್ ಇರೋವಾಗ ಬರೆದುಬಿಡ್ತೀನಿ.

ಹೋದ್ವಿ. 46ನೇ ಬೀದಿಗೇ. ಅವ್ವ ಕೊಡವ ಸೀರೆ ಉಟ್ಟಿದ್ರು, ನಾಟಕ ಬಿಟ್ಟಾಗ ಹತ್ತೂ ಮುಕ್ಕಾಲು, ಬೀದಿ ತುಂಬ ಜನ ನಮ್ಮ ದಸರಾ ಮಂಟಪ ಹೊರಡೋ ರಾತ್ರಿ ಥರ. ಒಳಗೆ ಹೋದ್ರೆ ಕತ್ತಲೆ, ಸಣ್ಣ ಟೇಬಲ್ಲು, ಅವ್ವ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ರು. ನಮಗೆ ಜಿಂಜರ್ ಏಲ್ ತಂದುಕೊಟ್ಟ ಹುಡುಗ, ಗ್ಲಾಸ್ ಇಟ್ಟು ಟ್ರೇನ ಪಿಯಾನೋ ಪಕ್ಕ ಒರಗಿಸಿ, ಹಾಗೇ ತಿರುಗಿ ಹಾಡೋಕೆ ಶುರು ಮಾಡ್ದ. ಮೈಕ್ ಸರಿಮಾಡ್ಕೊಳ್ಳೋದು, ಗಂಟಲು ಸರಿಮಾಡ್ಕೊಳ್ಳೋದು ಏನೂ ಇಲ್ಲ. ಅವ್ವಂಗೆ ಇಂಗ್ಲಿಷ್ ಅಷ್ಟು ಬರಲ್ಲ, ಆದ್ರೆ ನನ್ನ ಕೈ ಬಿಟ್ರು. ಎರಡನೇ ಹಾಡಲ್ಲಿ ಅವ್ನು ಅವ್ವನ ಕಡೆ ನೋಡ್ಕೊಂಡು ಒಂದು ಸಾಲು ಪೂರ್ತಿ ಹಾಡ್ದ, ಅವ್ವ ತಲೆ ತಗ್ಗಿಸ್ಲಿಲ್ಲ, ಅವ್ರೂ ನೋಡಿದ್ರು. ಮುಗಿದ ಮೇಲೆ ಎಲ್ಲಿಂದ ಬಂದ್ರಿ ಅಂತ ಕೇಳ್ದ, ತಂಗಿ ಹೇಳೋಕೆ ಮುಂಚೆ ಅವ್ವನೇ "ಕೊಡಗು" ಅಂದ್ರು. ಬೆಳಗ್ಗೆ ಹೊತ್ತು ಆಡಿಷನ್‌ಗೆ ಹೋಗ್ತೀನಿ, ರಾತ್ರಿ ಇಲ್ಲಿ ಅಂದ. ಬಿಲ್ಲು ಹೇಳಿದ ಹಾಗೇ ಬಂತು, ಗಾಬರಿ ಆಗ್ಲಿಲ್ಲ, ಥ್ಯಾಂಕ್ಸ್ ಅಣ್ಣ.

ಕಾಫಿಹೂ ಅವ್ರೇ, ನಿಮ್ಮ ಮಾತೂ ನಿಜ ಆಯ್ತು. ಟ್ಯಾಕ್ಸೀಲಿ ಅವ್ವ ಮಾತಾಡಿದ್ದು ಪೂರ್ತಿ ಆ ಹುಡುಗನ ಬಗ್ಗೆ. ಟ್ರೇ ಕೆಳಗಿಟ್ಟಾಗ್ಲೇ ಅವ್ನ ನಡಿಗೆ ಬೇರೆ ಆಯ್ತು, ನೋಡಿದ್ಯಾ ಅಂತ. ಇನ್ನೂರು ಡಾಲರ್ ಹತ್ರ ಕೊಟ್ಟು ನೋಡಿದ ನಾಟಕದ ಕೊನೇ ದೃಶ್ಯ ಹೇಗಿತ್ತು ಅಂತ ಮೊನ್ನೆ ಚಿಕ್ಕಪ್ಪ ಕೇಳಿದ್ರೆ ಅವ್ವ ಒಂದು ನಿಮಿಷ ಯೋಚನೆ ಮಾಡಿ, ಅದು ಬಿಡು ಅಂತ ಹೇಳಿ, ಪಕ್ಕದಲ್ಲಿದ್ದ ಕಾಫಿ ಟ್ರೇನ ಗೋಡೆಗೆ ಒರಗಿಸಿ ತೋರಿಸಿದ್ರು.