ಮಾವನ ಫಾರ್ವರ್ಡ್, ಮಗಳ ರೀಲ್ಸ್: ಓದುಗರ ಸ್ಪಂದನ

ಕೆಂಗೇರಿ ಉಪನಗರದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಮನೆಯ ತಳಮಳ ಬರೆದಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಆಡಿಯೊವನ್ನು ಮಾವನವರು ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರು. ಇದು ಹಳೆಯ ಸುಳ್ಳು ಸುದ್ದಿ ಎಂದು ಈಕೆ ಅಲ್ಲೇ ಬರೆದರು. ಅವತ್ತೇ ಮಾವ ಗ್ರೂಪ್ ಬಿಟ್ಟರು, ಸೊಸೆಯ ಜೊತೆ ಮಾತೂ ಬಿಟ್ಟರು. 'ಸುಮ್ನೆ ಇದ್ದಿದ್ದರೆ ಆಗ್ತಿರಲಿಲ್ವಾ' ಎನ್ನುತ್ತಾರೆ ಗಂಡ. ಎಂಟನೇ ತರಗತಿಯ ಮಗಳಿಗೆ ಲೋಕದ ಸುದ್ದಿಯೆಲ್ಲ ರೀಲ್ಸಿನಿಂದಲೇ. ಕೊರೊನಾ ಕಾಲದಲ್ಲಿ ನಿಲ್ಲಿಸಿದ ಪೇಪರ್ ಮತ್ತೆ ಶುರುವಾಗಿಲ್ಲ. 'ನಾನು ಇನ್ನು ಬಾಯಿ ಮುಚ್ಚಿಕೊಂಡಿರಬೇಕಾ? ಮಗಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳಬೇಕಾ?' ಎಂದು ಅವರು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಶಾಲಾ ಶಿಕ್ಷಕಿ, ಬೀದರ್ ಜಿಲ್ಲೆ

ಅಕ್ಕಾ, ನೀವು ಮಾಡಿದ್ದು ಸರಿ. ಇದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಮನೆಯವರಿಗೂ ಈ ಪತ್ರ ಓದಿಸಿ.

2018ರ ಜುಲೈ 13ರಂದು ಹೈದರಾಬಾದಿನಿಂದ ಕೆಲವು ಗೆಳೆಯರು ನಮ್ಮ ಜಿಲ್ಲೆಯ ಔರಾದ್ ತಾಲ್ಲೂಕಿನ ಕಡೆ ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಶಾಲೆ ಮಕ್ಕಳು ಕಂಡರು. ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ಮಕ್ಕಳ ಕಳ್ಳರು ಅನ್ನುವ ಗುಲ್ಲೆದ್ದಿತು. ವಾಟ್ಸ್‌ಆ್ಯಪಿನಲ್ಲಿ ಆ ಸುದ್ದಿ ಅವರ ಕಾರಿಗಿಂತ ಮೊದಲೇ ಮುಂದಿನ ಊರು ಮುಟ್ಟಿತು. ಮುರ್ಕಿಯಲ್ಲಿ ಜನ ದಾರಿ ಕಟ್ಟಿದರು. ಕಾರಿನಲ್ಲಿದ್ದ ಗೆಳೆಯರಲ್ಲಿ ಒಬ್ಬ, ಇಂಜಿನಿಯರ್ ಹುಡುಗ, ಹೊಡೆತ ತಿಂದು ಸತ್ತೇ ಹೋದ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಅದಕ್ಕೆ ಎರಡು ತಿಂಗಳ ಮುಂಚೆ, ಮೇ ತಿಂಗಳಲ್ಲಿ, ನಿಮ್ಮ ಬೆಂಗಳೂರಿನ ಚಾಮರಾಜಪೇಟೆಯಲ್ಲೇ ರಾಜಸ್ಥಾನದ ಒಬ್ಬನನ್ನು ಇದೇ ಅನುಮಾನಕ್ಕೆ ಹೊಡೆದು ಕೊಂದಿದ್ದರು. ಒಂದು ಸಲಕ್ಕೆ ಐದೇ ಚಾಟ್‌ಗಳಿಗೆ ಫಾರ್ವರ್ಡ್ ಮಾಡಬಹುದು ಅಂತ ವಾಟ್ಸ್‌ಆ್ಯಪ್ ಭಾರತದಲ್ಲಿ ಮಿತಿ ಹಾಕಿದ್ದು ಆ ಜುಲೈನಲ್ಲೇ.

ಆಗ ಆ ಮೆಸೇಜನ್ನು ದಾಟಿಸಿದವರೆಲ್ಲ ಕೆಟ್ಟವರು ಅಂತ ನಾನು ಹೇಳಲಾರೆ. ಮೊಮ್ಮಕ್ಕಳ ಮೇಲಿನ ಅಕ್ಕರೆಯಿಂದ ಬೆರಳು ಒತ್ತಿದವರು ಎಷ್ಟೋ ಜನ ಇದ್ದಿರಬೇಕು. ನಿಮ್ಮ ಮಾವನವರೂ ಹಾಗೇ ಅಲ್ವಾ? ಅದಕ್ಕೇ ಹೇಳುವುದು, ಇಂಥ ಮೆಸೇಜ್ ಬಂದಾಗ ಮರ್ಯಾದೆ ನೋಡುತ್ತಾ ಸಂಜೆವರೆಗೆ ಕಾಯಲು ಆಗದು. ಯಾರನ್ನಾದರೂ ಹೊಡೆಸುವಂಥ ಸುದ್ದಿ, 'ಸಕ್ಕರೆ ಕಾಯಿಲೆ ಮಾತ್ರೆ ಬಿಟ್ಟು ಈ ಕಷಾಯ ಕುಡಿಯಿರಿ' ಅನ್ನುವಂಥ ಸುದ್ದಿ, ಇವುಗಳಿಗೆ ಅಲ್ಲೇ, ಆಗಲೇ ಉತ್ತರ ಕೊಡಬೇಕು. ಯಾವುದೋ ಗುಡಿಯ ಫೋಟೊಗೆ ಬೇರೆ ಊರಿನ ಹೆಸರು ಹಾಕಿದ್ದರೆ ಬಿಟ್ಟುಬಿಡಿ. ಊಟಕ್ಕೆ ಕೂತಾಗ ಹೇಳಿದರೆ ಸಾಕು.

ನಿವೃತ್ತ ಬ್ಯಾಂಕ್ ನೌಕರ, ತುಮಕೂರು

ಮಗಳೇ, ನಾನು ನಿನ್ನ ಮಾವನ ಓರಗೆಯವನೇ ಇರಬೇಕು. ಅವರ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ.

ಕೆಲಸದಲ್ಲಿದ್ದಾಗ ಜನ ನಮ್ಮನ್ನು ಕೇಳಿಕೊಂಡು ಬರುತ್ತಿದ್ದರು. ಯಾವ ಫಾರಂ, ಎಷ್ಟು ಬಡ್ಡಿ, ಯಾರ ಸಹಿ ಬೇಕು, ಎಲ್ಲ ನಮಗೆ ಗೊತ್ತಿರುತ್ತಿತ್ತು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಮೊಮ್ಮಗಳು ಗೂಗಲ್ ಕೇಳುತ್ತಾಳೆ. ಆಗ ಒಂದು ಎಚ್ಚರಿಕೆಯ ಮೆಸೇಜ್ ಬರುತ್ತದೆ. ಅದನ್ನು ಗ್ರೂಪಿಗೆ ಹಾಕಿದ ಕೂಡಲೇ ದೂರದೂರಿನ ತಮ್ಮನ ಮಗ 'ಹೌದಾ ದೊಡ್ಡಪ್ಪಾ, ಹುಷಾರಾಗಿರ್ತೀವಿ' ಎಂದು ಬರೆಯುತ್ತಾನೆ. ಮನೆ ಕಾಯುವ ಕೆಲಸ ಇನ್ನೂ ನನ್ನ ಕೈಯಲ್ಲಿದೆ ಅನ್ನಿಸುತ್ತದೆ. ಅದೇ ಗ್ರೂಪಿನಲ್ಲಿ ತಮ್ಮಂದಿರು, ಬೀಗರು ಎಲ್ಲರೆದುರು ಸೊಸೆ ಅದನ್ನು ಸುಳ್ಳು ಅಂದಾಗ ಎದೆಗೆ ನಾಟುತ್ತದೆ. ನೀನು ಹೇಳಿದ್ದು ನಿಜವೇ. ಅವರ ನೋವೂ ನಿಜವೇ.

ಕ್ಷಮೆ ಕೇಳಬೇಕಿಲ್ಲ. ಆದರೆ ಮಾತನ್ನು ನೀನೇ ಶುರು ಮಾಡು. ಅವರಿಗೆ ಒಂದು ಕೆಲಸ ಒಪ್ಪಿಸು. ಈಗ 'ಡಿಜಿಟಲ್ ಅರೆಸ್ಟ್' ಅನ್ನುವ ಮೋಸ ನಡೆಯುತ್ತಿದೆ. ಪೊಲೀಸ್ ಸಮವಸ್ತ್ರ ಹಾಕಿಕೊಂಡು ವಿಡಿಯೊ ಕಾಲ್ ಮಾಡುತ್ತಾರೆ. ಸಿಬಿಐ, ಕಸ್ಟಮ್ಸ್ ಅಂತೆಲ್ಲ ಹೇಳಿ ಹೆದರಿಸುತ್ತಾರೆ. ಕಾಲ್ ಕಟ್ ಮಾಡಲು ಬಿಡದೆ ಹಣ ಹಾಕಿಸಿಕೊಳ್ಳುತ್ತಾರೆ. ಅಂಥ ಅರೆಸ್ಟ್ ಕಾನೂನಿನಲ್ಲಿ ಇಲ್ಲವೇ ಇಲ್ಲ. ಪ್ರಧಾನಿಯವರೇ 2024ರ ಅಕ್ಟೋಬರ್ 27ರ ರೇಡಿಯೊ ಮಾತಿನಲ್ಲಿ ಇದನ್ನು ಬಿಡಿಸಿ ಹೇಳಿದ್ದರು. ಮೋಸ ಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. 'ಮಾವ, ಅತ್ತೆಗೂ ನಮ್ಮ ನೆಂಟರಿಗೂ ಇದನ್ನು ನೀವೇ ತಿಳಿಸಿಬಿಡಿ, ನೀವು ಹೇಳಿದರೆ ಕೇಳ್ತಾರೆ' ಅಂತ ಹೇಳಿ ನೋಡು. ಎಚ್ಚರಿಸುವುದು ಅವರ ಸ್ವಭಾವ. ಆ ಸ್ವಭಾವಕ್ಕೆ ನಿಜವಾದ ಅಪಾಯವನ್ನೇ ತೋರಿಸಬೇಕು.

ಇನ್ನೊಂದು. ಅವರಿಗೆ ರೇಡಿಯೊದ ಅಭ್ಯಾಸ ಇತ್ತಾ ಕೇಳು. ಬೆಳಗಿನ ಪ್ರದೇಶ ಸಮಾಚಾರವನ್ನು ನಾನು ಈಗಲೂ ತಪ್ಪಿಸುವುದಿಲ್ಲ. ಹತ್ತು ನಿಮಿಷದಲ್ಲಿ ರಾಜ್ಯದ ಸುದ್ದಿ ಮುಗಿಯುತ್ತದೆ. ಯಾರೂ ಕಿರುಚುವುದಿಲ್ಲ.

ಗೃಹಿಣಿ, ಶಿವಮೊಗ್ಗ

ನನ್ನದು ಒಂದೇ ಪ್ರಶ್ನೆ. ಅಪ್ಪನಿಗೆ ಹೇಳಬೇಕಾದ್ದನ್ನು ಮಗ ಯಾಕೆ ಹೇಳಲಿಲ್ಲ? ಸೊಸೆ ಹೇಳಿದರೆ ಅದು ಎದುರುತ್ತರ ಆಗುತ್ತದೆ, ಮಗ ಹೇಳಿದರೆ ಬುದ್ಧಿಮಾತು. ಇದು ಸರಿಯಲ್ಲ. ಆದರೂ ನಮ್ಮ ಮನೆಗಳು ಇರುವುದೇ ಹೀಗೆ. ನಿಮ್ಮ ಯಜಮಾನರು 'ಸುಮ್ನೆ ಇರು' ಅನ್ನುವುದನ್ನು ಬಿಟ್ಟು ಒಂದು ಸಂಜೆ ಅಪ್ಪನ ಜೊತೆ ವಾಕಿಂಗ್ ಹೋಗಲಿ.

ಒಬ್ಬ ತಾಯಿ, ಯಲಹಂಕ

ಎಲ್ಲರೂ ಮೊಬೈಲನ್ನೇ ಬೈಯುತ್ತಾರೆ. ನಾನು ಸ್ವಲ್ಪ ಬೇರೆ ಮಾತು ಹೇಳಬೇಕು.

ನಗರದ ಅಂಚಿನಲ್ಲಿರುವ ನಮ್ಮಂಥ ಬಡಾವಣೆಯ ಸುದ್ದಿ ಪೇಪರಿಗೂ ಬರುವುದಿಲ್ಲ, ಟಿವಿಗೂ ಬರುವುದಿಲ್ಲ. ಬೆಂಗಳೂರಿಗೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆ ಆದಾಗ 110 ಹಳ್ಳಿಗಳಿಗೆ ನೀರು ಅಂತ ಎಲ್ಲ ಕಡೆ ಬಂತು. ಆದರೆ ನಮ್ಮ ಬೀದಿಗೆ ನೀರು ಯಾವತ್ತು ಬಿಡುತ್ತಾರೆ, ಟ್ಯಾಂಕರ್ ಯಾರಿಗೆ ಹೇಳಬೇಕು, ಕರೆಂಟ್ ಎಷ್ಟು ಹೊತ್ತಿಗೆ ಹೋಗುತ್ತೆ, ಇದೆಲ್ಲ ಗೊತ್ತಾಗುವುದು ಬಡಾವಣೆಯ ಗ್ರೂಪಿನಿಂದಲೇ. ಅಲ್ಲಿ ಹಾಕಿದವರು ನಮ್ಮ ಪಕ್ಕದ ಮನೆಯವರು. ಗೇಟಿನ ಹತ್ತಿರ ನಿಂತು 'ನೀವು ಹೇಳಿದ್ದು ನಿಜಾನಾ' ಅಂತ ಕೇಳಬಹುದು. ಮಾವನವರ ಆಡಿಯೊದಲ್ಲಿ ಮಾತಾಡಿದವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ಮುಖ್ಯವಾದ ವ್ಯತ್ಯಾಸ ಇದೇ.

ಟಿವಿ, ಪೇಪರ್ ಅಂದ ಕೂಡಲೇ ನಂಬಬೇಕು ಅಂತಲೂ ಇಲ್ಲ. 2016ರ ನವೆಂಬರಿನಲ್ಲಿ ಹೊಸ 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಪತ್ತೆಯಾಗುತ್ತದೆ ಅನ್ನುವ ಕತೆ ವಾಟ್ಸ್‌ಆ್ಯಪಿನಲ್ಲಿ ಹರಿದಾಡಿತು. ಕೆಲವು ಟಿವಿ ವಾಹಿನಿಗಳೂ ಅದನ್ನೇ ಸುದ್ದಿ ಅಂತ ತೋರಿಸಿದವು. ನೋಟಿನಲ್ಲಿ ಅಂಥದ್ದು ಏನೂ ಇರಲಿಲ್ಲ.

ಮಗಳ ವಿಷಯಕ್ಕೆ ಬರುತ್ತೇನೆ. ಮೊಬೈಲ್ ಕಿತ್ತುಕೊಳ್ಳಬೇಡಿ. ಗೆಳತಿಯ ಮೊಬೈಲಿನಲ್ಲಿ ನೋಡುತ್ತಾಳೆ, ನಿಮಗೆ ಹೇಳುವುದನ್ನು ಬಿಡುತ್ತಾಳೆ. ಅವಳ ಇನ್‌ಸ್ಟಾಗ್ರಾಂ ಖಾತೆಯಲ್ಲಿ ನಿಜವಾದ ಹುಟ್ಟಿದ ತಾರೀಖು ಇದೆಯಾ ಮೊದಲು ನೋಡಿ. 13 ತುಂಬದೆ ಖಾತೆ ತೆರೆಯುವಂತಿಲ್ಲ. ಹದಿಹರೆಯದವರಿಗೆ ಅಂತ ಬೇರೆ ಬಗೆಯ ಖಾತೆ 2025ರಿಂದ ನಮ್ಮಲ್ಲೂ ಇದೆ. ಅದು ತಾನಾಗಿಯೇ ಖಾಸಗಿ ಆಗಿರುತ್ತದೆ. ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ನೋಟಿಫಿಕೇಶನ್ ಬರುವುದಿಲ್ಲ. 16 ತುಂಬದವರು ಈ ಸೆಟ್ಟಿಂಗ್ ಸಡಿಲ ಮಾಡಬೇಕಾದರೆ ಅಪ್ಪ ಅಮ್ಮ ಒಪ್ಪಬೇಕು. ವಯಸ್ಸು ಜಾಸ್ತಿ ಹಾಕಿದ್ದರೆ ಇದ್ಯಾವುದೂ ಉಪಯೋಗಕ್ಕೆ ಬಾರದು.

ಆಮೇಲೆ ಅವಳ ಪಕ್ಕ ಕೂತು ರೀಲ್ಸ್ ನೋಡಿ. ಬೈಯದೆ ನೋಡಿ. 'ಇದನ್ನು ಹೇಳಿದವರು ಯಾರು? ಯಾವತ್ತಿನ ವಿಡಿಯೊ?' ಅಂತ ಕೇಳಿ. ನನ್ನ ಮಗ ಈಗ ನಾನು ಕೇಳುವ ಮೊದಲೇ ಆ ವಿಡಿಯೊದ ತಾರೀಖು ಹುಡುಕುತ್ತಾನೆ. ಹಳೆಯ ಪ್ರವಾಹದ ವಿಡಿಯೊ ಹಿಡಿದುಕೊಂಡು ಬಂದು ನನಗೇ ತೋರಿಸಿದ್ದಾನೆ.

ಪೇಪರ್ ಏಜೆಂಟ್, ಮೈಸೂರು

ಅಮ್ಮಾ, ನಿಮ್ಮ ಪತ್ರದಲ್ಲಿ ಪೇಪರ್ ನಿಲ್ಲಿಸಿದ ಸಾಲು ಓದಿ ನನಗೆ 2020ರ ಮಾರ್ಚ್ ನೆನಪಾಯಿತು. ಪೇಪರ್ ಮುಟ್ಟಿದರೆ ಕೊರೊನಾ ಬರುತ್ತೆ ಅಂತ ಮೊಬೈಲಿನಲ್ಲಿ ಹಬ್ಬಿತು. ಅಪಾರ್ಟ್‌ಮೆಂಟಿನವರು ನಮ್ಮ ಹುಡುಗರನ್ನು ಗೇಟಿನಲ್ಲೇ ತಡೆದರು. ವರ್ಷಗಟ್ಟಲೆ ಪೇಪರ್ ತರಿಸುತ್ತಿದ್ದವರು ಫೋನ್ ಮಾಡಿ 'ಬೇಡ' ಅಂದರು. ಹಾಗೆ ಬಿಟ್ಟವರಲ್ಲಿ ಎಷ್ಟೋ ಮನೆಗಳು ಇನ್ನೂ ವಾಪಸ್ ಬಂದಿಲ್ಲ. ಇದು ನನ್ನ ಹೊಟ್ಟೆಪಾಡಿನ ಮಾತೂ ಹೌದು, ಮುಚ್ಚಿಡುವುದಿಲ್ಲ.

ಆದರೂ ಕೇಳಿ. ಪೇಪರಿನ ಕೊನೆಯ ಪುಟದ ಕೆಳಗೋ ಒಳಪುಟದಲ್ಲೋ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಸಂಪಾದಕರು ಯಾರು, ಪ್ರಕಾಶಕರು ಯಾರು, ಎಲ್ಲಿ ಅಚ್ಚಾಯಿತು, ಎಲ್ಲ ಇರುತ್ತದೆ. ಹಾಕಲೇಬೇಕು, ಕಾನೂನು ಇದೆ. ತಪ್ಪು ಬರೆದರೆ ಅವರಿಗೆ ಪತ್ರ ಬರೆಯಬಹುದು. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬಹುದು. ಪೇಪರಿನವರೂ ತಪ್ಪು ಮಾಡುತ್ತಾರೆ, ಕಾಸು ತಗೊಂಡು ಸುದ್ದಿ ಹಾಕಿದ್ದನ್ನೂ ಜನ ನೋಡಿದ್ದಾರೆ. ಆದರೆ ಬಾಗಿಲು ತಟ್ಟಲು ಒಂದು ವಿಳಾಸ ಇದೆ. ಆ ಆಡಿಯೊಗೆ ವಿಳಾಸವೇ ಇಲ್ಲ.

ಮನೆಗೆ ಪೇಪರ್ ಬಂದರೆ ಇನ್ನೊಂದು ಅನುಕೂಲ ಇದೆ. ಮಾವನವರು ಮುಖಪುಟ ಹಿಡಿದುಕೊಂಡಿರುವಾಗ ಮಗಳು ಪುರವಣಿ ಎಳೆದುಕೊಳ್ಳಬಹುದು, ನಿಮ್ಮ ಯಜಮಾನರು ಕ್ರೀಡಾ ಪುಟಕ್ಕೆ ಕಾಯಬಹುದು. ಒಬ್ಬರು ಓದಿದ್ದು ಇನ್ನೊಬ್ಬರ ಕಣ್ಣಿಗೂ ಬೀಳುತ್ತದೆ. ಮೊಬೈಲಿನಲ್ಲಿ ಯಾರು ಏನು ನೋಡಿದರು ಅಂತ ಮನೆಯವರಿಗೇ ಗೊತ್ತಾಗುವುದಿಲ್ಲ. ಸದ್ಯ ಒಂದೇ ಪೇಪರ್ ಸಾಕು. ಯಾವುದು ಅಂತ ಮಾವನವರನ್ನೇ ಕೇಳಿ. ತಿಂಗಳ ನಡುವೆ ಶುರು ಮಾಡಿದರೆ ನಾವು ಹಾಕಿದಷ್ಟು ದಿನದ ಲೆಕ್ಕ ಮಾತ್ರ ಹಿಡಿಯುತ್ತೇವೆ, ನಿಮ್ಮ ಕಡೆಯ ಏಜೆಂಟರನ್ನೂ ಹಾಗೇ ಕೇಳಿ. ಅವರ ನಂಬರ್ ಇಲ್ಲದಿದ್ದರೆ ಬೆಳಗ್ಗೆ ಆರರೊಳಗೆ ನಿಮ್ಮ ರಸ್ತೆಯಲ್ಲಿ ಪೇಪರ್ ಹಾಕುವ ಹುಡುಗನನ್ನು ನಿಲ್ಲಿಸಿ ಹೇಳಿದರೂ ಆಯಿತು.