ಚೌಕಾಸಿ ಮಾಡಿದರೆ ಔಷಧಿ ನಿಂತುಹೋಗುತ್ತಾ?

ಚಿಕ್ಕಪ್ಪ: (ಫಾರ್ವರ್ಡ್) "ಅಮೆರಿಕದಲ್ಲಿ ಔಷಧಿ ಬೆಲೆಗೆ ಸರ್ಕಾರವೇ ಕೈ ಹಾಕಿದೆ. ಇನ್ನು ಹೊಸ ಔಷಧಿ ಬಂದ ಹಾಗೇ!" ಎಲ್ಲರೂ ಓದಿ.

ಅಕ್ಕ: ಓದಿದೆ ಚಿಕ್ಕಪ್ಪ. ಸುಮ್ನೆ ಹೆದರಿಸುವ ಬರಹ. ಅಲ್ಲಿ 65 ದಾಟಿದವರ ಆರೋಗ್ಯದ ಖರ್ಚು ನೋಡಿಕೊಳ್ಳುವುದು ಮೆಡಿಕೇರ್. ಅಷ್ಟು ದೊಡ್ಡ ಗಿರಾಕಿ ಔಷಧಿಗೆ ಚೌಕಾಸಿ ಮಾಡಬಾರದು ಅಂತ 2003ರಲ್ಲಿ ಕಾನೂನೇ ಮಾಡಿದ್ದರು! ಮಾಜಿ ಸೈನಿಕರ ಇಲಾಖೆ ಮಾತ್ರ ಎಷ್ಟೋ ವರ್ಷದಿಂದ ಬೆಲೆ ಇಳಿಸಿಯೇ ಕೊಳ್ಳುತ್ತಿತ್ತು. 2022ರ ಕಾನೂನು ಮೆಡಿಕೇರ್‌ಗೂ ಚೌಕಾಸಿ ಮಾಡುವ ಹಕ್ಕು ಕೊಟ್ಟಿತು, ಅಷ್ಟೇ.

ಚಿಕ್ಕಪ್ಪ: ಇದನ್ನು ಚೌಕಾಸಿ ಅಂತೀಯಲ್ಲಮ್ಮ! ಒಪ್ಪದ ಕಂಪನಿಗೆ ಆ ಔಷಧಿಯ ಮಾರಾಟದ ಮೇಲೆ ತೆರಿಗೆ. 65 ಪರ್ಸೆಂಟ್‌ನಿಂದ ಶುರು, 95ರ ತನಕ ಹೋಗುತ್ತದೆ. ತೆರಿಗೆ ಬೇಡ ಅಂದರೆ ತನ್ನ ಎಲ್ಲ ಔಷಧಿಯನ್ನೂ ಮೆಡಿಕೇರ್, ಬಡವರ ಖರ್ಚು ನೋಡಿಕೊಳ್ಳುವ ಮೆಡಿಕೈಡ್ ಎರಡರಿಂದಲೂ ವಾಪಸ್ ತಗೋಬೇಕು. ಕುತ್ತಿಗೆಗೆ ಕೈ ಹಾಕಿ ಬೆಲೆ ಕೇಳಿದ ಹಾಗಲ್ವಾ?

ನಾನು: ಅದು ನಿಜ. ಆದರೆ ಕೊಳ್ಳುವವನು 'ಬೇಡ' ಅನ್ನುವ ಹಾಗೇ ಇಲ್ಲದಿದ್ದರೆ ಬೆಲೆ ಯಾಕೆ ಇಳಿಯುತ್ತೆ? ಬ್ರಿಟನ್‌ನಲ್ಲಿ ನೈಸ್ ಅನ್ನುವ ಸಂಸ್ಥೆ 1999ರಿಂದ ಇದೆ. ರೋಗಿಗೆ ಆಗುವ ಲಾಭಕ್ಕೆ ಈ ಬೆಲೆ ತಕ್ಕದ್ದೇ ಅಂತ ಅಳೆಯುತ್ತದೆ. ಅಲ್ಲ ಅಂದರೆ ಕಂಪನಿ ಬೆಲೆ ಇಳಿಸಿಕೊಂಡು ಮತ್ತೆ ಬರುತ್ತದೆ. ಕೆಲವೊಮ್ಮೆ ಬರುವುದಿಲ್ಲ, ಆಗ ಪೆಟ್ಟು ಬೀಳುವುದು ರೋಗಿಗೇ. ಅಮೆರಿಕದವರಿಗೆ ಹಾಗೆ ಬೇಡ ಅನ್ನುವ ಧೈರ್ಯ ಬರಲಿಲ್ಲ. ತೆರಿಗೆಯ ಬೆತ್ತ ಹಿಡಿದರು.

ಅಕ್ಕ: ಜನುವಿಯಾ ನೋಡಿ, ಸಕ್ಕರೆ ಕಾಯಿಲೆ ಮಾತ್ರೆ. 2023ರಲ್ಲಿ 30 ದಿನಕ್ಕೆ ಪಟ್ಟಿ ಬೆಲೆ 527 ಡಾಲರ್ ಇತ್ತು. 2026ರ ಜನವರಿಯಿಂದ ಮೆಡಿಕೇರ್‌ಗೆ 113. ಮಾತ್ರೆ ಬಂದದ್ದು 2006ರಲ್ಲಿ. ಇಷ್ಟು ವರ್ಷ ಮಾರಿದ ಮೇಲೂ ಸಂಶೋಧನೆಯ ಖರ್ಚು ಹುಟ್ಟಿಲ್ಲವಂತಾ?

ಚಿಕ್ಕಪ್ಪ: ಪಟ್ಟಿ ಬೆಲೆ ತೋರಿಸಿ ಮರುಳು ಮಾಡಬೇಡ. ಆ 527ನ್ನು ಮೆಡಿಕೇರ್ ಪರವಾಗಿ ಔಷಧಿ ಖರ್ಚು ನೋಡಿಕೊಳ್ಳುವ ವಿಮೆಯವರು ಪೂರ್ತಿ ಕೊಡುತ್ತಲೇ ಇರಲಿಲ್ಲ. ರಿಬೇಟ್ ಅಂತ ಹಿಂದಿನಿಂದ ವಾಪಸ್ ಬರುತ್ತಿತ್ತು. ಸರ್ಕಾರದ ಲೆಕ್ಕದಲ್ಲೇ, ಹೀಗೆ ಬೆಲೆ ಇಳಿಸಿದ ಮೊದಲ 10 ಔಷಧಿಗಳ ನಿಜವಾದ ಉಳಿತಾಯ ಸುಮಾರು 22 ಪರ್ಸೆಂಟ್.

ಅಕ್ಕ: ಉಳಿತಾಯ ಅಷ್ಟೇನಾ ಅನ್ನುವವರೂ ನೀವೇ, ಸಂಶೋಧನೆ ನಿಂತುಹೋಗುತ್ತೆ ಅನ್ನುವವರೂ ನೀವೇ! 😄

ನಾನು: ಆ 22 ಪರ್ಸೆಂಟ್ ಅಂದರೆ 2023ರ ಲೆಕ್ಕಕ್ಕೆ 600 ಕೋಟಿ ಡಾಲರ್. ಇನ್ನೊಂದು ವಿಷಯ. ರಿಬೇಟ್ ಹೋಗುವುದು ವಿಮೆಯವರಿಗೆ, ಮಧ್ಯವರ್ತಿಗೆ. ಕೌಂಟರ್ ಮುಂದೆ ನಿಂತ ಅಜ್ಜನ ಪಾಲನ್ನು ಇಷ್ಟು ಪರ್ಸೆಂಟ್ ಅಂತ ಲೆಕ್ಕ ಹಾಕಿದರೆ, ಅದು ರಿಬೇಟ್ ಕಳೆಯುವ ಮುಂಚಿನ ಬೆಲೆಯ ಮೇಲೆ.

ಚಿಕ್ಕಪ್ಪ: ಅದು ಅನ್ಯಾಯವೇ, ಒಪ್ಪಿದೆ. ನನ್ನ ತಕರಾರು ಬೇರೆ. ಮಾತ್ರೆಯಾದರೆ ಮಾರಲು ಒಪ್ಪಿಗೆ ಸಿಕ್ಕ 9 ವರ್ಷಕ್ಕೇ ಇಳಿಸಿದ ಬೆಲೆ ಬರಬಹುದು. ಜೈವಿಕ ಔಷಧಿಗೆ, ಅಂದರೆ ಜೀವಕೋಶಗಳಿಂದ ತಯಾರಿಸುವುದಕ್ಕೆ, 13 ವರ್ಷ ಬಿಡುವು. ಅವು ಹೆಚ್ಚಾಗಿ ಇಂಜೆಕ್ಷನ್. ಹೀಗಾದರೆ ಮಾತ್ರೆಗೆ ದುಡ್ಡು ಹಾಕುವವರು ಯಾರು? ಕ್ಯಾನ್ಸರ್ ಮಾತ್ರೆಯ ಕಥೆ ಇನ್ನೂ ಕಷ್ಟ. ಮೊದಲು ಕೊನೆಯ ಹಂತದವರಿಗೆ ಒಪ್ಪಿಗೆ ಸಿಗುತ್ತದೆ. ಆರಂಭದ ಹಂತಕ್ಕೂ ಆಗುತ್ತಾ ಅಂತ ಪರೀಕ್ಷೆ ಮಾಡಿ ಮುಗಿಸುವಷ್ಟರಲ್ಲಿ ಅರ್ಧ ಗಡುವು ಹೋಗಿರುತ್ತದೆ.

ನಾನು: ಇದು ಗಟ್ಟಿ ಮಾತು ಚಿಕ್ಕಪ್ಪ. ಎರಡಕ್ಕೂ ಬೇರೆ ಬೇರೆ ಗಡುವು ಯಾಕೆ ಅನ್ನುವುದಕ್ಕೆ ನನ್ನ ಹತ್ತಿರವೂ ಉತ್ತರವಿಲ್ಲ.

ಅಕ್ಕ: ಹಾಗಾದರೆ 9ನ್ನು 13 ಮಾಡಿ ಅಂತ ಕೇಳಲಿ. ಫಾರ್ವರ್ಡ್‌ನಲ್ಲಿ ಆ ಒಂದು ಸಾಲೂ ಇಲ್ವಲ್ಲ?

ಚಿಕ್ಕಪ್ಪ: ಸರಿ, ಅದನ್ನು ಅಳಿಸಿ ನಾನೇ ಬರೆದು ಹಾಕ್ತೀನಿ. ಆದರೆ ಆ ತೆರಿಗೆಯನ್ನು ಚೌಕಾಸಿ ಅಂತ ಮಾತ್ರ ಬರೆಯಲ್ಲ.