ಅಂಗಡಿಯ ಕಂಪ್ಯೂಟರಿಗೆ ಅಂಟಿಕೊಂಡ ಜಾಹೀರಾತು ತಂತ್ರಾಂಶ: ತೆಗೆದು ಗೆದ್ದವರು ಅನುಭವ ತಿಳಿಸಿ

ಗಂಗಾವತಿಯಿಂದ, ಆನ್‌ಲೈನ್ ಅರ್ಜಿ ಕೇಂದ್ರ ನಡೆಸುವವರು:

ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ, ವಿದ್ಯಾರ್ಥಿವೇತನಕ್ಕೆ ಅರ್ಜಿ ತುಂಬುವುದು ನಿತ್ಯದ ಕೆಲಸ. ಫೋಟೊ ಇಷ್ಟೇ ಕೆಬಿ ಒಳಗಿರಬೇಕೆಂದು ಅರ್ಜಿಗಳು ಕೇಳುವುದರಿಂದ, ಫೋಟೊ ಮತ್ತು ಪಿಡಿಎಫ್ ಗಾತ್ರ ಇಳಿಸುವ ಉಚಿತ ತಂತ್ರಾಂಶವೊಂದನ್ನು ಕಳೆದ ವಾರ ಹುಡುಕಿ ಹಾಕಿಕೊಂಡೆ. ಅಂದಿನಿಂದ ತೆರೆಯ ಬಲಗಡೆ ಕೆಳಮೂಲೆಯಲ್ಲಿ ನಿಮಿಷಕ್ಕೊಮ್ಮೆ ಜಾಹೀರಾತು ಮೂಡುತ್ತಿದೆ. ಗೂಗಲ್‌ನಲ್ಲಿ ಹುಡುಕಿದರೆ ಬೇರೆ ಯಾವುದೋ ಪುಟ ತೆರೆಯುತ್ತದೆ. ಕ್ರೋಮ್‌ನ ಮೂರು ಚುಕ್ಕೆಯ ಪಟ್ಟಿಯ ಕೊನೆಯಲ್ಲಿ ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್’ ಎಂಬ ಸಾಲು ಬಂದಿದೆ. ನನಗೆ ಯಾವ ಸಂಸ್ಥೆಯೂ ಇಲ್ಲ. ಪರಿಚಿತರೊಬ್ಬರು ಫಾರ್ಮ್ಯಾಟ್ ಮಾಡಿಸಿಬಿಡಿ ಎನ್ನುತ್ತಿದ್ದಾರೆ. ಆರು ವರ್ಷದ ನುಡಿ ಕಡತಗಳು, ಗಿರಾಕಿಗಳ ಸ್ಕ್ಯಾನ್ ಪ್ರತಿಗಳು ಅದರಲ್ಲೇ ಇವೆ. ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ. ಇಂಥದ್ದನ್ನು ಫಾರ್ಮ್ಯಾಟ್ ಇಲ್ಲದೆ ತೆಗೆದವರು ದಯವಿಟ್ಟು ದಾರಿ ತಿಳಿಸಬೇಕು.

ಬಳ್ಳಾರಿಯ ಕೌಲ್ ಬಜಾರ್‌ನಿಂದ, ಕಂಪ್ಯೂಟರ್ ದುರಸ್ತಿ ಮಾಡುವವರು:

ಫಾರ್ಮ್ಯಾಟ್‌ಗೆ ಅವಸರ ಮಾಡಬೇಡಿ ಸರ್. ನೀವು ಬರೆದಿರುವ ಮೂರು ತೊಂದರೆಗಳಿಗೆ ಮೂಲ ಒಂದೇ ಇರಬೇಕೆಂದಿಲ್ಲ, ಮದ್ದಂತೂ ಒಂದೇ ಅಲ್ಲ. ಯಾವುದು ಎಲ್ಲಿಂದ ಬರುತ್ತಿದೆ ಎಂದು ನೋಡಿಕೊಳ್ಳದೆ ಕೈ ಹಾಕಿದವರೇ ಕೊನೆಗೆ ಕಡತ ಕಳೆದುಕೊಂಡು ನನ್ನ ಬಳಿ ಬರುತ್ತಾರೆ.

ಮೊದಲು ಕೆಳಮೂಲೆಯ ಜಾಹೀರಾತನ್ನು ಗಮನವಿಟ್ಟು ಓದಿ. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಗೂಗಲ್ ಕ್ರೋಮ್ ಎಂಬ ಹೆಸರೂ ಯಾವುದೋ ಜಾಲತಾಣದ ವಿಳಾಸವೂ ಇದ್ದರೆ, ಅದನ್ನು ಯಾವ ತಂತ್ರಾಂಶವೂ ತೋರಿಸುತ್ತಿಲ್ಲ. ಆ ಜಾಲತಾಣಕ್ಕೆ ನೋಟಿಫಿಕೇಶನ್ ಕಳುಹಿಸಲು ನೀವೋ ನಿಮ್ಮ ಅಂಗಡಿಯಲ್ಲಿ ಕೂತ ಇನ್ನೊಬ್ಬರೋ ಅನುಮತಿ ಕೊಟ್ಟಿದ್ದೀರಿ ಎಂದರ್ಥ. ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದು ಕೇಳುವ ಪುಟಗಳು ಮಾಡುವುದು ಇದನ್ನೇ. ಕ್ರೋಮ್‌ನ ಸೆಟ್ಟಿಂಗ್ಸ್, ಅದರಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅಲ್ಲಿ ನೋಟಿಫಿಕೇಶನ್ಸ್ ತೆರೆದರೆ ಅನುಮತಿ ಪಡೆದವರ ಪಟ್ಟಿ ಕಾಣುತ್ತದೆ. ಗುರುತಿಲ್ಲದ ಎಲ್ಲವನ್ನೂ ತೆಗೆದುಹಾಕಿ, ಇನ್ನು ಮುಂದೆ ಯಾರೂ ಕೇಳದಂತೆ ಮೇಲಿನ ಆಯ್ಕೆಯನ್ನು ಬದಲಿಸಿ. ಜೀನ್ಸ್ ಹೊಲಿಗೆ ಘಟಕವೊಂದರ ಮಾಲೀಕರು ‘ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್ ಸಿಕ್ಕಿವೆ’ ಎಂಬ ಇಂಥದ್ದೇ ಸೂಚನೆಯನ್ನು ನಂಬಿ, ಅದರಲ್ಲೇ ಇದ್ದ ಕೊಂಡಿ ಒತ್ತಿ, ಹಣ ಕೊಟ್ಟು ಆಂಟಿವೈರಸ್ ತೆಗೆದುಕೊಂಡಿದ್ದರು. ಸೂಚನೆ ಆಮೇಲೂ ನಿಲ್ಲಲಿಲ್ಲ. ನನ್ನ ಅಂಗಡಿಯಲ್ಲಿ ಎರಡು ನಿಮಿಷದಲ್ಲಿ ನಿಂತಿತು, ಏಕೆಂದರೆ ಅಲ್ಲಿ ವೈರಸ್ಸೇ ಇರಲಿಲ್ಲ.

ಹುಡುಕಾಟ ಬೇರೆ ಪುಟಕ್ಕೆ ಹೋಗುವುದು ಮಾತ್ರ ಬೇರೆ ಜಾತಿಯದು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್ ತೆರೆದು, ‘ಇನ್‌ಸ್ಟಾಲ್ಡ್ ಆನ್’ ಎಂಬ ಕಾಲಂ ಮೇಲೆ ಒತ್ತಿದರೆ ತಂತ್ರಾಂಶಗಳು ದಿನಾಂಕದ ಕ್ರಮದಲ್ಲಿ ಬರುತ್ತವೆ. ನೀವು ಪಿಡಿಎಫ್ ತಂತ್ರಾಂಶ ಹಾಕಿದ ದಿನವೇ ಇನ್ನೆಷ್ಟು ಹೆಸರುಗಳು ಒಳಗೆ ಬಂದಿವೆ ನೋಡಿ. ಅದೊಂದರ ಬೆನ್ನಿಗೆ ಎರಡೋ ಮೂರೋ ಬಂದಿರುವ ಸಂಭವವೇ ಹೆಚ್ಚು. ಅವನ್ನು ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡಿ. ಅನ್‌ಇನ್‌ಸ್ಟಾಲ್ ಮಾಡುವಾಗಲೂ ತೆರೆಯ ಮೇಲಿನ ಪ್ರತಿ ಸಾಲನ್ನು ಓದಿ, ಏಕೆಂದರೆ ಕೆಲವು ತಂತ್ರಾಂಶಗಳು ಹೋಗುವಾಗ ‘ಉಳಿಸಿಕೊಳ್ಳಿ’ ಎಂಬ ಗುಂಡಿಯನ್ನು ದೊಡ್ಡದಾಗಿಯೂ ‘ತೆಗೆಯಿರಿ’ ಎಂಬುದನ್ನು ಮಸುಕಾಗಿಯೂ ತೋರಿಸುತ್ತವೆ.

ಸಿಂಧನೂರಿನಿಂದ, ಪ್ರೌಢಶಾಲೆಯ ಶಿಕ್ಷಕಿ:

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ನಾನು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಶಾಲೆಯ ಲ್ಯಾಬಿನ ಒಂದು ಕಂಪ್ಯೂಟರಿಗೆ ಇದೇ ತೊಂದರೆ ಬಂದಾಗ ಗಾಬರಿಯಿಂದ ಅದೇ ಕಂಪ್ಯೂಟರಿನಲ್ಲಿ ‘ಆಡ್‌ವೇರ್ ತೆಗೆಯುವುದು ಹೇಗೆ’ ಎಂದು ಹುಡುಕಿದೆ. ಹುಡುಕಾಟವೇ ಬೇರೆಯವರ ಹಿಡಿತದಲ್ಲಿದ್ದಾಗ ಸಿಗುವ ಉತ್ತರಗಳೂ ಅವರವೇ ಆಗಿರುತ್ತವೆ ಎಂಬುದು ಆಗ ಹೊಳೆಯಲಿಲ್ಲ. ಮೊದಲು ಸಿಕ್ಕ ಪುಟದಲ್ಲಿದ್ದ ಹಸಿರು ಡೌನ್‌ಲೋಡ್ ಗುಂಡಿ ಒತ್ತಿ ಹಾಕಿಕೊಂಡ ಕ್ಲೀನರ್, ಸಾವಿರಕ್ಕೂ ಹೆಚ್ಚು ದೋಷಗಳಿವೆ ಎಂದು ತೋರಿಸಿ, ಸರಿಪಡಿಸಲು ಹಣ ಕೇಳಿತು. ಒಂದನ್ನು ತೆಗೆಯಲು ಹೋಗಿ ಎರಡಾದವು. ಆದ್ದರಿಂದ ಬೇಕಾದುದನ್ನು ತೊಂದರೆ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ, ಅದನ್ನು ತಯಾರಿಸಿದವರ ಸ್ವಂತ ಜಾಲತಾಣದಿಂದಲೇ ಇಳಿಸಿ, ಪೆನ್‌ಡ್ರೈವ್‌ನಲ್ಲಿ ತನ್ನಿ.

ನನಗೆ ಕೊನೆಗೆ ಕೆಲಸಕ್ಕೆ ಬಂದವು ಎರಡು. ಒಂದು, ವಿಂಡೋಸ್‌ನಲ್ಲೇ ಇರುವ ಡಿಫೆಂಡರ್. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್’ ತೆರೆದು ‘ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್’ ಒಳಗೆ ಹೋದರೆ, ಅನಗತ್ಯ ತಂತ್ರಾಂಶಗಳನ್ನು ತಡೆಯುವ ಆಯ್ಕೆ ಸಿಗುತ್ತದೆ. ವೈರಸ್ ಅಲ್ಲದ, ಆದರೆ ಯಾರಿಗೂ ಬೇಡದ ತಂತ್ರಾಂಶಗಳನ್ನು ಹಿಡಿಯುವುದೇ ಅದರ ಕೆಲಸ. ವಿಂಡೋಸ್ 10ರ 2020ರ ಮೇ ಆವೃತ್ತಿಯಿಂದ ಈ ಆಯ್ಕೆ ಇದೆ. ನಮ್ಮ ಲ್ಯಾಬಿನ ಕಂಪ್ಯೂಟರುಗಳಲ್ಲಿ ಅದು ಆರಿಯೇ ಇತ್ತು. ಅದನ್ನು ಹಚ್ಚಿದ ಮೇಲೆ ‘ಆಫ್‌ಲೈನ್ ಸ್ಕ್ಯಾನ್’ ಕೊಟ್ಟೆ. ಕಂಪ್ಯೂಟರ್ ತಾನೇ ಮರಳಿ ಶುರುವಾಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಹದಿನೈದು ನಿಮಿಷದಷ್ಟು ಹಿಡಿಯುತ್ತದೆ. ಮಧ್ಯದಲ್ಲಿ ಕರೆಂಟ್ ಹೋಗದಂತೆ ಯುಪಿಎಸ್ ಇದ್ದಾಗ ಮಾಡಿ, ನಮ್ಮ ಊರುಗಳ ಬೇಸಿಗೆ ನಿಮಗೆ ಗೊತ್ತೇ ಇದೆ.

ಇನ್ನೊಂದು ಆಡ್‌ಡಬ್ಲ್ಯುಕ್ಲೀನರ್. 2011ರಿಂದ ಇರುವ ಈ ಉಚಿತ ತಂತ್ರಾಂಶವನ್ನು 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಸಂಸ್ಥೆ ತೆಗೆದುಕೊಂಡಿತು. ಆದ್ದರಿಂದ ಆ ಸಂಸ್ಥೆಯ ತಾಣ ಬಿಟ್ಟು ಬೇರೆ ಎಲ್ಲಿಂದಲೂ ಅದನ್ನು ಇಳಿಸಬೇಡಿ. ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲದೆ ನೇರವಾಗಿ ಓಡುತ್ತದೆ. ಸಿಕ್ಕಿದ್ದೆಲ್ಲವನ್ನೂ ಕಣ್ಣುಮುಚ್ಚಿ ತೆಗೆಯದೆ ಪಟ್ಟಿಯನ್ನು ಒಮ್ಮೆ ಓದಿ. ಹಳೆಯ ಲೇಖನಗಳಲ್ಲಿ ಕ್ರೋಮ್‌ನ ಸ್ವಂತ ಕ್ಲೀನಪ್ ಸಾಧನವನ್ನು ಬಳಸಿ ಎಂದಿರುತ್ತದೆ. ಗೂಗಲ್ 2023ರಲ್ಲಿ ಅದನ್ನು ನಿಲ್ಲಿಸಿದೆ. ಈಗ ಆ ಹೆಸರಿನಲ್ಲಿ ಯಾರಾದರೂ ಏನಾದರೂ ಕೊಟ್ಟರೆ ಮುಟ್ಟಬೇಡಿ.

ಕೊಪ್ಪಳದಿಂದ, ಕಾಲೇಜಿನ ಲ್ಯಾಬ್ ಸಹಾಯಕರು:

‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್’ ಎಂಬ ಸಾಲಿನ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ದೊಡ್ಡ ಕಚೇರಿಗಳು ತಮ್ಮ ಎಲ್ಲ ಕಂಪ್ಯೂಟರುಗಳ ಕ್ರೋಮ್ ಒಂದೇ ರೀತಿ ಇರಲೆಂದು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ, ಅಂದರೆ ಅದರ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗದಲ್ಲಿ, ಕೆಲವು ಕಟ್ಟಳೆಗಳನ್ನು ಬರೆದಿಡುತ್ತವೆ. ಕೆಟ್ಟ ತಂತ್ರಾಂಶಗಳು ಅದೇ ಜಾಗದಲ್ಲಿ ತಮ್ಮ ಕಟ್ಟಳೆ ಬರೆಯುತ್ತವೆ. ಹಾಗೆ ಬರೆದು ಸೇರಿಸಿದ, ಕ್ರೋಮ್‌ಗೆ ಅಂಟಿಕೊಳ್ಳುವ ಪುಟ್ಟ ತಂತ್ರಾಂಶವಾದ ಎಕ್ಸ್‌ಟೆನ್ಶನ್‌ಗೆ ತೆಗೆಯುವ ಗುಂಡಿಯೇ ಇರುವುದಿಲ್ಲ. ಕ್ರೋಮ್‌ನ ವಿಳಾಸಪಟ್ಟಿಯಲ್ಲಿ ಕ್ರೋಮ್ ಎಂದು ಬರೆದು, ಕೋಲನ್, ಎರಡು ಓರೆಗೆರೆ, ಪಾಲಿಸಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಆ ಕಟ್ಟಳೆಗಳೆಲ್ಲ ಕಾಣುತ್ತವೆ. ಕೆಲವು ಒಳ್ಳೆಯ ಆಂಟಿವೈರಸ್‌ಗಳೂ ಇಲ್ಲಿ ಬರೆಯುವುದುಂಟು, ಆದ್ದರಿಂದ ಸಾಲು ಕಂಡ ಮಾತ್ರಕ್ಕೆ ಹೆದರಬೇಕಿಲ್ಲ. ಆದರೆ ‘ಫೋರ್ಸ್‌ಲಿಸ್ಟ್’ ಎಂಬ ಪದವಿರುವ ಸಾಲಿನಲ್ಲಿ ನಿಮಗೆ ಗುರುತಿಲ್ಲದ ಎಕ್ಸ್‌ಟೆನ್ಶನ್ ಇದ್ದರೆ ಕಳ್ಳ ಅವನೇ.

ಮೊದಲು ತಂತ್ರಾಂಶ ಅನ್‌ಇನ್‌ಸ್ಟಾಲ್ ಆಗಬೇಕು, ಸ್ಕ್ಯಾನ್ ಮುಗಿಯಬೇಕು, ಆಮೇಲೆ ರಿಜಿಸ್ಟ್ರಿ. ಈ ಕ್ರಮ ತಪ್ಪಿದರೆ ಒಳಗಿರುವ ತಂತ್ರಾಂಶ ಅಳಿಸಿದ ಕಟ್ಟಳೆಯನ್ನು ಮತ್ತೆ ಬರೆದುಬಿಡುತ್ತದೆ; ಎರಡು ದಿನ ನಾನು ಇದೇ ಸುತ್ತಿನಲ್ಲಿದ್ದೆ. ರಿಜಿಸ್ಟ್ರಿ ತಿದ್ದುವ ರೆಜೆಡಿಟ್ ತೆರೆದು, ಎಚ್‌ಕೆಇವೈ ಲೋಕಲ್ ಮಷೀನ್ ಒಳಗೆ ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್ ಎಂದು ಇಳಿದು, ಅಲ್ಲಿನ ಕ್ರೋಮ್ ಎಂಬ ಫೋಲ್ಡರನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಂಡು ನಂತರ ಅಳಿಸಬೇಕು. ‘ಕರೆಂಟ್ ಯೂಸರ್’ ಕೆಳಗೂ ಅದೇ ದಾರಿಯಲ್ಲಿ ನೋಡಬೇಕು. ಇದು ನಿಮ್ಮ ಸ್ವಂತ ಕಂಪ್ಯೂಟರ್ ಆದ್ದರಿಂದ ಹೇಳುತ್ತಿದ್ದೇನೆ. ಕಚೇರಿ ಕೊಟ್ಟ ಕಂಪ್ಯೂಟರಿನಲ್ಲಿ ಈ ಜಾಗವನ್ನು ಮುಟ್ಟಬಾರದು. ಕೈ ನಡುಗಿದರೆ ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇಷ್ಟಾದ ಮೇಲೆ ಕ್ರೋಮ್‌ನ ‘ರೀಸೆಟ್ ಸೆಟ್ಟಿಂಗ್ಸ್’ ಒತ್ತಿ. ಬುಕ್‌ಮಾರ್ಕ್, ಉಳಿಸಿದ ಪಾಸ್‌ವರ್ಡ್‌ಗಳು ಅಳಿಯುವುದಿಲ್ಲ. ಹುಡುಕಾಟದ ತಾಣ, ಮೊದಲ ಪುಟಗಳು ಮೂಲಸ್ಥಿತಿಗೆ ಬರುತ್ತವೆ, ಎಕ್ಸ್‌ಟೆನ್ಶನ್‌ಗಳು ಆರುತ್ತವೆ. ಕ್ರೋಮ್‌ಗೆ ಗೂಗಲ್ ಖಾತೆಯಿಂದ ಲಾಗಿನ್ ಆಗಿದ್ದರೆ ಈ ಕೆಲಸ ಮುಗಿಯುವವರೆಗೆ ಸಿಂಕ್ ನಿಲ್ಲಿಸಿ, ಇಲ್ಲದಿದ್ದರೆ ತೆಗೆದ ಎಕ್ಸ್‌ಟೆನ್ಶನ್ ಖಾತೆಯ ಮೂಲಕವೇ ಮರಳಿ ಬರಬಹುದು. ಡೆಸ್ಕ್‌ಟಾಪ್‌ನಲ್ಲಿರುವ ಕ್ರೋಮ್ ಐಕಾನಿನ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಎಂಬ ಸಾಲಿನ ಕೊನೆಗೆ ಯಾವುದಾದರೂ ಜಾಲತಾಣದ ವಿಳಾಸ ಅಂಟಿಸಿದ್ದಾರೆಯೇ ಎಂದೂ ನೋಡಿ. ಎಲ್ಲ ಮುಗಿದ ಮೇಲೂ ದಿನಕ್ಕೊಮ್ಮೆ ಪುಟ ತೆರೆದುಕೊಂಡರೆ, ನಿಗದಿತ ಹೊತ್ತಿಗೆ ಕೆಲಸಗಳನ್ನು ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹುಡುಕಬೇಕು.

ರಾಯಚೂರಿನಿಂದ, ಹತ್ತಿ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವವರು:

ಎಲ್ಲರೂ ಕಂಪ್ಯೂಟರಿನ ಬಗ್ಗೆ ಬರೆದಿದ್ದಾರೆ. ನನಗೆ ಹೆಚ್ಚು ಚಿಂತೆ ಇರುವುದು ನಿಮ್ಮ ಮುಂದೆ ಕೂರುವ ಗಿರಾಕಿಗಳ ಬಗ್ಗೆ. ಆ ಕಂಪ್ಯೂಟರಿನಲ್ಲಿ ನೀವು ದಿನಕ್ಕೆ ಎಷ್ಟು ಜನರ ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್, ಒಟಿಪಿ ಹಾಕುತ್ತೀರಿ ಎಂದು ನೆನೆಸಿಕೊಳ್ಳಿ. ಬ್ರೌಸರಿನೊಳಗೆ ಕೂತ ಎಕ್ಸ್‌ಟೆನ್ಶನ್‌ಗೆ ‘ಎಲ್ಲ ಪುಟಗಳನ್ನೂ ಓದುವ, ಬದಲಿಸುವ’ ಅನುಮತಿ ಇದ್ದರೆ ನೀವು ಅರ್ಜಿಯಲ್ಲಿ ತುಂಬುವುದೆಲ್ಲ ಅದರ ಕಣ್ಣಿಗೆ ಬೀಳಬಲ್ಲದು. ಹಾಗಾಗಿ ಸ್ವಚ್ಛವಾಯಿತೆಂದು ಖಾತ್ರಿಯಾಗುವವರೆಗೆ ಆ ಕಂಪ್ಯೂಟರಿನಲ್ಲಿ ಹಣ ಪಾವತಿಯ ಕೆಲಸ ನಿಲ್ಲಿಸಿ; ಎರಡು ದಿನದ ದುಡಿಮೆ ಹೋದರೂ ಹೋಗಲಿ. ನಿಮ್ಮ ಇಮೇಲ್, ಬ್ಯಾಂಕ್, ಸೇವಾ ತಾಣಗಳ ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರಿನಿಂದ ಬದಲಿಸಿ. ಯಾರ ಖಾತೆಯಿಂದಲಾದರೂ ಹಣ ಹೋಗಿದ್ದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.

ಫಾರ್ಮ್ಯಾಟ್ ಬೇಡವೆಂಬ ಮಾತಿಗೆ ನನ್ನದೊಂದು ತಕರಾರಿದೆ. ನೀವು ಹಾಕಿದ್ದು ಉಚಿತ ತಂತ್ರಾಂಶ ಮಾತ್ರವಾಗಿದ್ದರೆ ಮೇಲಿನವರ ದಾರಿ ಸಾಕು. ಆದರೆ ವಿಂಡೋಸನ್ನೋ ಆಫೀಸನ್ನೋ ಕ್ರ್ಯಾಕ್ ಮಾಡುವ ಆಕ್ಟಿವೇಟರ್ ಓಡಿಸಿದ್ದರೆ, ಅದಕ್ಕಾಗಿ ಡಿಫೆಂಡರ್ ಆಫ್ ಮಾಡಿದ್ದರೆ, ಆ ಕಂಪ್ಯೂಟರನ್ನು ನಂಬಲು ಬರುವುದಿಲ್ಲ. ನಾನು ಲೆಕ್ಕ ನೋಡುವ ಒಂದು ಅಂಗಡಿಯಲ್ಲಿ ಅದೇ ಆಗಿತ್ತು, ಮೂರು ಸಲ ಸ್ವಚ್ಛ ಮಾಡಿದರೂ ಮರಳಿ ಬಂತು. ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಅಲ್ಲಿ ಸ್ಕ್ಯಾನ್ ಮಾಡಿಸಿ, ಹೊಸದಾಗಿ ವಿಂಡೋಸ್ ಹಾಕಿಸಿದ ಮೇಲೆಯೇ ನಿಂತದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನೂ ಗಮನದಲ್ಲಿಡಿ.

ಬಳ್ಳಾರಿಯವರು ಮತ್ತೆ:

ರಾಯಚೂರಿನವರ ತಕರಾರನ್ನು ಒಪ್ಪುತ್ತೇನೆ. ಆಕ್ಟಿವೇಟರ್ ಓಡಿದ ಕಂಪ್ಯೂಟರಿಗೆ ನಾನೂ ಹೊಸ ವಿಂಡೋಸ್ ಹಾಕುತ್ತೇನೆ. ಇನ್ನೊಂದು ಮಾತು, ಫೋಟೊ ಗಾತ್ರ ಇಳಿಸಲು ಹೊರಗಿನ ತಂತ್ರಾಂಶವೇ ಬೇಕಿಲ್ಲ. ವಿಂಡೋಸ್‌ನ ಪೇಂಟ್‌ನಲ್ಲಿ ಫೋಟೊ ತೆರೆದು, ರೀಸೈಜ್‌ನಲ್ಲಿ ಪಿಕ್ಸೆಲ್ ಇಳಿಸಿ, ಜೆಪೆಗ್ ಆಗಿ ಉಳಿಸಿದರೆ ಅರ್ಜಿಗೆ ಸಾಕಾಗುವಷ್ಟು ಚಿಕ್ಕದಾಗುತ್ತದೆ. ಫೋಟೊವನ್ನು ಪಿಡಿಎಫ್ ಮಾಡಲು ಪ್ರಿಂಟರ್ ಪಟ್ಟಿಯಲ್ಲೇ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಇದೆ. ಹಾಕಲೇಬೇಕಾದ ತಂತ್ರಾಂಶವಿದ್ದರೆ ‘ಎಕ್ಸ್‌ಪ್ರೆಸ್’ ಅಥವಾ ‘ರೆಕಮೆಂಡೆಡ್’ ಬಿಟ್ಟು ‘ಕಸ್ಟಮ್’ ಆರಿಸಿ. ಜೊತೆಗೆ ಬರುವವುಗಳ ಟಿಕ್ ಗುರುತುಗಳು ಕಾಣುವುದು ಸಾಮಾನ್ಯವಾಗಿ ಅಲ್ಲಿಯೇ.

ಗಂಗಾವತಿಯವರು, ನಾಲ್ಕು ದಿನದ ನಂತರ:

ಎಲ್ಲರಿಗೂ ಕೈಮುಗಿದು ಹೇಳುತ್ತಿದ್ದೇನೆ, ಕಂಪ್ಯೂಟರ್ ಸರಿಯಾಗಿದೆ. ಆಕ್ಟಿವೇಟರ್ ಹಾಕಿರಲಿಲ್ಲ, ವಿಂಡೋಸ್ ಕಂಪ್ಯೂಟರಿನ ಜೊತೆಗೇ ಬಂದದ್ದು, ಹಾಗಾಗಿ ಫಾರ್ಮ್ಯಾಟ್ ಬೇಕಾಗಲಿಲ್ಲ. ಮೊದಲು ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡೆ. ದಿನಾಂಕದ ಕ್ರಮದಲ್ಲಿ ನೋಡಿದಾಗ ಪಿಡಿಎಫ್ ತಂತ್ರಾಂಶದ ಜೊತೆಗೆ ಅದೇ ದಿನ ಮೂರು ಹೆಸರುಗಳಿದ್ದವು. ಒಂದು ಹವಾಮಾನ ತೋರಿಸುವುದು, ಒಂದು ಬ್ರೌಸರ್, ಇನ್ನೊಂದಕ್ಕೆ ಹೆಸರೇ ಅರ್ಥವಾಗುವಂತಿರಲಿಲ್ಲ. ಎಲ್ಲವನ್ನೂ ತೆಗೆದೆ. ಕೆಳಮೂಲೆಯ ಜಾಹೀರಾತಿನ ಮೇಲೆ ಬಳ್ಳಾರಿಯ ಸರ್ ಹೇಳಿದಂತೆ ಕ್ರೋಮ್‌ನ ಹೆಸರೇ ಇತ್ತು, ಅನುಮತಿ ಪಟ್ಟಿಯಲ್ಲಿ ಹನ್ನೊಂದು ತಾಣಗಳಿದ್ದವು. ಮೇಡಂ ಹೇಳಿದ ಎರಡೂ ಸ್ಕ್ಯಾನ್ ಮಾಡಿದೆ. ರಿಜಿಸ್ಟ್ರಿಗೆ ಕೈ ಹಾಕಲು ಧೈರ್ಯ ಸಾಲದೆ ಪಕ್ಕದ ಅಂಗಡಿಯ ಹುಡುಗನನ್ನು ಕೂರಿಸಿಕೊಂಡು, ಕೊಪ್ಪಳದವರು ಬರೆದುದನ್ನು ಸಾಲುಸಾಲಾಗಿ ಓದುತ್ತ ಮಾಡಿದೆವು. ‘ಮ್ಯಾನೇಜ್ಡ್’ ಎಂಬ ಸಾಲು ಮಾಯವಾಗಿದೆ.

ಪಾಸ್‌ವರ್ಡ್‌ಗಳನ್ನು ಅಣ್ಣನ ಮನೆಯ ಲ್ಯಾಪ್‌ಟಾಪಿನಿಂದ ಬದಲಿಸಿದೆ. ತೊಂದರೆ ಇದ್ದ ದಿನಗಳಲ್ಲಿ ಹಣ ಪಾವತಿ ಮಾಡಿಸಿಕೊಂಡವರು ಒಂಬತ್ತು ಜನ. ರಿಜಿಸ್ಟರಿನಲ್ಲಿ ಅವರ ನಂಬರುಗಳಿದ್ದವು, ಒಬ್ಬೊಬ್ಬರಿಗೂ ಕರೆ ಮಾಡಿ ಖಾತೆ ನೋಡಿಕೊಳ್ಳಲು ಹೇಳಿದ್ದೇನೆ. ಏಳು ಜನ ಎಲ್ಲ ಸರಿಯಿದೆ ಎಂದರು, ಇಬ್ಬರು ಕರೆ ತೆಗೆದಿಲ್ಲ, ಅವರ ಊರು ಕಾರಟಗಿಯ ಕಡೆಯದಾದ್ದರಿಂದ ನಾಳೆ ಹೋಗಿ ಬರುತ್ತೇನೆ. ಅಂಗಡಿಯಲ್ಲಿ ಕೂರುವ ಹುಡುಗನಿಗೆ ಸ್ಟ್ಯಾಂಡರ್ಡ್ ಖಾತೆ ಬೇರೆ ಮಾಡಿಕೊಟ್ಟಿದ್ದೇನೆ. ಹೊಸದೇನಾದರೂ ಹಾಕಲು ಅಡ್ಮಿನ್ ಪಾಸ್‌ವರ್ಡ್ ಕೇಳಿದರೆ ಇನ್ನು ನನ್ನನ್ನು ಕರೆಯಬೇಕು.